ನೂರು ಮೈಲಿಯ ಗಿರಿಧಾವನ

ಓಡುವುದಕ್ಕೆ ಒಂದು ಕಾರಣವಿರಬೇಕೆಂಬುದು ಲೋಕರೂಢಿ. ಹುಲಿಯು ಅಟ್ಟಿಸಿಕೊಂಡು ಬಂದರೆ ಮನುಷ್ಯನು ಓಡುತ್ತಾನೆ. ರೈಲು ತಪ್ಪಿಹೋಗುವುದೆಂದರೆ ಓಡುತ್ತಾನೆ. ಮನೆಯಲ್ಲಿ ಹೆರಿಗೆಬೇನೆ ಕಾಣಿಸಿಕೊಂಡರೆ ಸೂಲಗಿತ್ತಿಯನ್ನು ಕರೆತರಲು ಓಡುತ್ತಾನೆ. ಇಂಥ ಯಾವ ಕಾರಣವೂ ಇಲ್ಲದೆ, ಬೆಳಗಿನ ಜಾವ ನಾಲ್ಕು ಗಂಟೆಯ ಕತ್ತಲಲ್ಲಿ, ಹಣೆಗೆ ದೀಪವನ್ನು ಕಟ್ಟಿಕೊಂಡು, ನೂರಾರು ಮಂದಿ ಸ್ತ್ರೀಪುರುಷರು ಒಂದು ಬೀದಿಯಲ್ಲಿ ಕಲೆತು, ಬಂದೂಕಿನ ಸದ್ದು ಕೇಳಿದೊಡನೆ ಬೆಟ್ಟಗಳ ಮೇಲೆ ನೂರು ಮೈಲಿ ಓಡಲು ಹೊರಡುತ್ತಾರೆಂದರೆ, ಕೇಳಿದವರಿಗೆ ಮೊದಲು ನಗೆ ಬರುವುದು ಸಹಜವೇ. ಆದರೆ ಆ ಬೀದಿ ಯಾವ ಊರಿನದು, ಆ ಊರಿಗೆ ಏನಾಗಿತ್ತು ಎಂಬುದನ್ನು ತಿಳಿದ ಮೇಲೆ ಆ ನಗೆಯು ಹಾಗೆಯೇ ಉಳಿಯುವುದಿಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೈಕಿ ಕೊಲರಾಡೊ ಎಂಬುದೊಂದು. ಅಲ್ಲಿಯ ರಾಕಿ ಪರ್ವತಗಳ ನಡುವೆ, ಸಮುದ್ರಮಟ್ಟಕ್ಕೆ ಸುಮಾರು 10,150 ಅಡಿ ಎತ್ತರದಲ್ಲಿ ಲೆಡ್‌ವಿಲ್ ಎಂಬ ಸಣ್ಣ ಪಟ್ಟಣವಿದೆ. ಹೆಸರಿನ ಅರ್ಥ ಸೀಸದ ಊರು ಎಂದು. ಹೆಸರು ಬಂದ ಬಗೆಯೂ ವಿನೋದವಾದದ್ದೇ. 1860ರಲ್ಲಿ ಜನರು ಅಲ್ಲಿಗೆ ಬಂದದ್ದು ಚಿನ್ನಕ್ಕಾಗಿ. ಹೊಳೆಯ ಮರಳನ್ನು ತೊಳೆಯುವಾಗ ಭಾರವಾದ ಕರಿಯ ಮರಳೊಂದು ದೋಣಿಗಳಲ್ಲಿ ತುಂಬಿಕೊಂಡು ಕೆಲಸಕ್ಕೆ ಅಡ್ಡಿಮಾಡುತ್ತಿತ್ತು. ಅದನ್ನು ಶಪಿಸಿ ಶಪಿಸಿ ಎಸೆದರು. ಹಲವು ವರ್ಷಗಳ ತರುವಾಯ ಯಾರೋ ಅದನ್ನು ಪರೀಕ್ಷೆಮಾಡಿಸಲಾಗಿ, ಅದು ಬೆಳ್ಳಿಯಿಂದ ಕೂಡಿದ ಸೀಸದ ಅದಿರೆಂದು ತಿಳಿಯಿತು. ಶಪಿಸಿದ ಕೈಗಳೇ ಅದನ್ನು ಬಾಚಿಕೊಂಡವು! ಹೊರೇಸ್ ಟೇಬರ್ ಎಂಬ ಅಂಗಡಿಕಾರನು 1878ರಲ್ಲಿ ಇಬ್ಬರು ಬಡ ಗಣಿಗಾರರಿಗೆ ಸ್ವಲ್ಪ ದಿನಸಿಯನ್ನು ಸಾಲವಾಗಿ ಕೊಟ್ಟು, ಅವರಿಗೆ ದೊರೆತ ಗಣಿಯಲ್ಲಿ ಪಾಲು ಪಡೆದು ಕೋಟ್ಯಧೀಶನಾದನು. 1893ರಲ್ಲಿ ಬೆಳ್ಳಿಯ ಬೆಲೆ ಕುಸಿಯಿತು. ಆತನ ಐಶ್ವರ್ಯವೂ ಕುಸಿಯಿತು. ಆತನ ಹೆಂಡತಿಯು ಕೊನೆಯ ಗಣಿಯ ಪಕ್ಕದ ಗುಡಿಸಲಲ್ಲಿ ಒಂಟಿಯಾಗಿ ಬಹುಕಾಲ ಬದುಕಿ, 1935ರ ಚಳಿಗಾಲದಲ್ಲಿ ಆ ಗುಡಿಸಲಲ್ಲಿಯೇ ಮರಗಟ್ಟಿ ಸತ್ತದ್ದನ್ನು ಜನ ಕಂಡರು. ಲಕ್ಷ್ಮಿಯು ಚಂಚಲೆಯೆಂಬ ಮಾತನ್ನು ಪಾಠಶಾಲೆಯ ಹುಡುಗರು ಬಾಯಿಪಾಠ ಮಾಡುತ್ತಾರೆ. ಆ ಊರಿನವರಿಗೆ ಅದು ಪಾಠವಾಗಿರಲಿಲ್ಲ, ಅನುಭವವಾಗಿತ್ತು.

ಬೆಳ್ಳಿಯು ಹೋದ ಮೇಲೆ ಊರನ್ನು ಕಾಪಾಡಿದ್ದು ಸಮೀಪದ ಕ್ಲೈಮ್ಯಾಕ್ಸ್ ಎಂಬ ಗಣಿ. ಉಕ್ಕನ್ನು ಗಟ್ಟಿಮಾಡುವುದಕ್ಕೆ ಬೇಕಾದ ಮಾಲಿಬ್ಡಿನಮ್ ಎಂಬ ಲೋಹವು ಅಲ್ಲಿ ಸಿಕ್ಕುತ್ತಿತ್ತು. 1982ರಲ್ಲಿ ಉಕ್ಕಿನ ವ್ಯಾಪಾರ ತಗ್ಗಿದ್ದರಿಂದ ಆ ಗಣಿಯೂ ಮುಚ್ಚಿತು. ಸುಮಾರು 3,000 ಮಂದಿಯ ಕೆಲಸ ಹೋಯಿತು. ಸಂಬಳ ನಿಂತ ಮನೆಗಳಲ್ಲಿ ಮೊದಲು ಅಂಗಡಿಯ ಸಾಲ ಬೆಳೆಯುವುದು, ಆಮೇಲೆ ಮಾತು ಕಡಮೆಯಾಗುವುದು, ಕಟ್ಟಕಡೆಗೆ ಗಂಡಸರು ಹಗಲು ಹೊತ್ತಿನಲ್ಲಿ ಜಗುಲಿಯ ಮೇಲೆ ಕುಳಿತಿರುವುದು. ಇದು ಎಲ್ಲ ದೇಶಗಳಲ್ಲಿಯೂ ಒಂದೇ ತೆರ. ಕೆಲಸ ಕಳೆದುಕೊಂಡವರಲ್ಲಿ ಕೆನ್ ಕ್ಲೌಬರ್ ಎಂಬ ಗಣಿಗಾರನೂ ಒಬ್ಬನು. ಹೇರುಗತ್ತೆಯ ಹಗ್ಗವನ್ನು ಹಿಡಿದು ಬೆಟ್ಟವನ್ನು ಓಡಿ ಹತ್ತುವ ಆ ಪ್ರಾಂತದ ಪಂದ್ಯದಲ್ಲಿ ಆತನಿಗೆ ಪರಿಶ್ರಮವಿತ್ತು. ನೂರು ಮೈಲಿಯ ಓಟವೊಂದನ್ನು ಏರ್ಪಡಿಸಿದರೆ ಹೊರಗಿನವರು ಬರುವರು, ಒಂದೆರಡು ರಾತ್ರಿ ತಂಗುವರು, ಉಣ್ಣುವರು, ಊರಿನ ಕೈಗೆ ನಾಲ್ಕು ಕಾಸು ಸೇರುವುದು ಎಂಬುದು ಆತನ ಲೆಕ್ಕ. ಇಷ್ಟು ಎತ್ತರದಲ್ಲಿ ಇಷ್ಟು ದೂರ ಓಡಿಸಿದರೆ ಯಾರಾದರೂ ಸತ್ತಾರು ಎಂದು ಆಸ್ಪತ್ರೆಯವರು ಎಚ್ಚರಿಸಲಾಗಿ, ಹಾಗಾದರೆ ಊರಿಗೆ ಹೆಸರಾದರೂ ಬಂದೀತು ಎಂಬರ್ಥದ ಉತ್ತರವನ್ನು ಆತನು ಕೊಟ್ಟನೆಂಬ ಕತೆಯು ಪ್ರಸಿದ್ಧವಾಗಿದೆ. ಮಾತು ಕ್ರೂರವಾಗಿ ಕೇಳುತ್ತದೆ, ನಿಜ. ಆದರೆ ಗಣಿಯ ಒಳಗೆ ದಿನವೂ ಇಳಿದು ಬಂದವನ ಹಾಸ್ಯವನ್ನು ಮೆತ್ತೆಯ ಮೇಲೆ ಕುಳಿತವರು ತೂಗುವುದು ಅಷ್ಟು ನ್ಯಾಯವಲ್ಲ. 1983ರ ಮೊದಲ ಓಟಕ್ಕೆ ಹೊರಟವರು 45 ಮಂದಿ. ಮುಗಿಸಿದವರು 10 ಮಂದಿ.

ಆಸ್ಪತ್ರೆಯವರ ಭಯವೂ ನಿರಾಧಾರವಾದುದಲ್ಲ. ಎತ್ತರದಲ್ಲಿ ಗಾಳಿಯೊಳಗಿನ ಪ್ರಾಣವಾಯುವಿನ ಪಾಲು ಕಡಮೆಯಾಗುತ್ತದೆಂದು ಅನೇಕರು ತಿಳಿದಿರುತ್ತಾರೆ. ಹಾಗಲ್ಲ, ಪಾಲು ಎಲ್ಲಿಯೂ 100ಕ್ಕೆ 21ರಷ್ಟೇ. ಕಡಮೆಯಾಗುವುದು ಗಾಳಿಯ ಒತ್ತಡ. ಲೆಡ್‌ವಿಲ್ಲಿನ ಬೀದಿಯಲ್ಲಿ ಅದು ಕಡಲತಡಿಯ ಒತ್ತಡಕ್ಕೆ 100ಕ್ಕೆ 70ರಷ್ಟಿರುತ್ತದೆ. ಈ ಓಟದ ಅತ್ಯುನ್ನತ ಸ್ಥಳವಾದ ಹೋಪ್ ಕಣಿವೆಯಲ್ಲಿ, ಎಂದರೆ 12,500 ಅಡಿಗೂ ಮೇಲೆ, ಸುಮಾರು 63ಕ್ಕೆ ಇಳಿಯುತ್ತದೆ. ಒತ್ತಡವಿಲ್ಲದ ಗಾಳಿಯಿಂದ ಪ್ರಾಣವಾಯುವು ರಕ್ತಕ್ಕೆ ಸೇರಲು ಸೋಮಾರಿತನ ಮಾಡುತ್ತದೆ. ಹೊಸದಾಗಿ ಬಂದವನ ಉಸಿರು ತಾನಾಗಿಯೇ ಬೇಗಬೇಗನೆ ಓಡುತ್ತದೆ, ನಿದ್ರೆಯು ತುಂಡುತುಂಡಾಗುತ್ತದೆ, ತಲೆ ಸಿಡಿಯುತ್ತದೆ. ಕೆಲವು ವಾರ ಅಲ್ಲಿಯೇ ಇದ್ದರೆ ಮೂತ್ರಪಿಂಡಗಳಿಂದ ಹೊರಟ ಒಂದು ರಸದ ಪ್ರೇರಣೆಯಿಂದ ಮಜ್ಜೆಯು ಹೆಚ್ಚು ಕೆಂಪು ಕಣಗಳನ್ನು ಹುಟ್ಟಿಸಿ, ದೇಹವು ಆ ಬಡತನಕ್ಕೆ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳಲು ಸಮಯವಿಲ್ಲದೆ ಆತುರಪಟ್ಟವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿಕೊಳ್ಳುವ ಅಪಾಯವುಂಟು. ಅದಕ್ಕೆ ಒಡನೆಯೇ ಕೆಳಕ್ಕಿಳಿಸುವುದೇ ಮುಖ್ಯವಾದ ಮದ್ದು. ಇದಲ್ಲದೆ ಇನ್ನೊಂದು ವಿಪರೀತ: ಬಾಯಾರಿಕೆಗೆ ಹೆದರಿ ಮಿತಿಮೀರಿ ನೀರು ಕುಡಿದವನ ರಕ್ತದಲ್ಲಿ ಉಪ್ಪು ತೆಳುವಾಗಿ, ನೀರೇ ವಿಷವಾಗಬಹುದು. ಅಜೀರ್ಣದಲ್ಲಿ ಅಮೃತವೂ ವಿಷವೆಂದು ವೈದ್ಯರು ಹೇಳಿಕೊಂಡು ಬಂದದ್ದನ್ನು ಓಟಗಾರರು ಗುಟುಕುಗುಟುಕಾಗಿ ಕಲಿಯಬೇಕಾಗುತ್ತದೆ.

ದಾರಿಯು ಊರಿನಿಂದ ಹೊರಟು, ಟರ್ಕಾಯಿಸ್ ಎಂಬ ಸರೋವರದ ಅಂಚನ್ನು ಹಿಡಿದು, ಒಂದು ದಿಣ್ಣೆಯನ್ನು ಹತ್ತಿ ಇಳಿದು, ಟ್ವಿನ್ ಲೇಕ್ಸ್ ಎಂಬ ಹಳ್ಳಿಯನ್ನು ಸೇರುತ್ತದೆ. 9,200 ಅಡಿಯ ಆ ಹಳ್ಳಿಯೇ ಈ ಓಟದಲ್ಲಿ ಅತಿ ತಗ್ಗಾದ ಸ್ಥಳ! ಅಲ್ಲಿಂದ ಮುಂದೆ ಜೌಗುನೆಲ; ಹೊಳೆಯನ್ನು ಕಾಲಿನಲ್ಲಿಯೇ ದಾಟಬೇಕು; ಮಂಜು ಕರಗಿದ ನೀರು ಎಲುಬನ್ನು ಮುಟ್ಟುತ್ತದೆ. ಒದ್ದೆಯ ಕಾಲುಗಳಿಂದಲೇ ಹೋಪ್ ಕಣಿವೆಯ ಏರು, ಒಂದೇ ಸಮನೆ 3,000 ಅಡಿಗೂ ಮಿಗಿಲಾಗಿ. ಇಲ್ಲಿ ಯಾರೂ ಓಡುವುದಿಲ್ಲವೆಂದರೆ ತಪ್ಪಾಗದು; ಕೈಗಳನ್ನು ತೊಡೆಗೆ ಊರಿ, ಹೆಜ್ಜೆಗಳನ್ನು ಎಣಿಸುತ್ತ ನಡೆಯುತ್ತಾರೆ. ಮರಗಳು ಕುಳ್ಳಾಗಿ, ಕಡೆಗೆ ಇಲ್ಲವಾಗಿ, ಹುಲ್ಲು ಕಲ್ಲುಗಳು ಮಾತ್ರ ಉಳಿಯುತ್ತವೆ. ನೆತ್ತಿಗೆ ಸ್ವಲ್ಪ ಕೆಳಗೆ ಒಂದು ಬಿಡಾರದಲ್ಲಿ ಬಿಸಿ ಗಂಜಿಯಂಥ ಸಾರು ದೊರೆಯುತ್ತದೆ. ಗಾಡಿ ಹೋಗದ ಆ ಎಡೆಗೆ ಸಾಮಾನುಗಳನ್ನು ಹೊತ್ತು ತರುವವರು ಲಾಮಾಗಳು. ಟಿಬೆಟ್ಟಿನ ಗುರುಗಳಲ್ಲ, ಒಂಟೆಯ ಜ್ಞಾತಿಗಳಾದ ದಕ್ಷಿಣ ಅಮೆರಿಕದ ಪ್ರಾಣಿಗಳು. ಆದರೂ ಮಲಗಿ ಮೆಲುಕುಹಾಕುತ್ತ ಓಟಗಾರರನ್ನು ನೋಡುವ ಅವುಗಳ ಮುಖದಲ್ಲಿ ಒಂದು ವೈರಾಗ್ಯವಿಲ್ಲದೆ ಇಲ್ಲ.

ಕಣಿವೆಯ ಆಚೆಗಿಳಿದರೆ ವಿನ್‌ಫೀಲ್ಡ್ ಎಂಬ ಪಾಳುಬಿದ್ದ ಗಣಿಯೂರು. ಅಲ್ಲಿಗೆ ಐವತ್ತು ಮೈಲಿ, ಅರ್ಧ. ಮಹಾಪ್ರಸ್ಥಾನದಲ್ಲಿ ಪಾಂಡವರು ಹಿಮಗಿರಿಯನ್ನು ಏರುವಾಗ ಬಿದ್ದವರನ್ನು ಧರ್ಮರಾಯನು ತಿರುಗಿಯೂ ನೋಡದೆ ನಡೆದನಷ್ಟೆ. ಇಲ್ಲಿಯ ನಿಯಮ ಅದಕ್ಕೆ ವಿರುದ್ಧವಾದದ್ದು. ತಿರುಗಲೇಬೇಕು. ಬಂದ ದಾರಿಯನ್ನೇ, ಅದೇ ಕಣಿವೆಯನ್ನೇ, ಬೆನ್ನ ಕಡೆಯಿಂದ ಮತ್ತೆ ಹತ್ತಬೇಕು. ಗೊತ್ತಿಲ್ಲದ ಕಷ್ಟವನ್ನು ಎದುರಿಸಲು ಅಜ್ಞಾನವೇ ಸಹಾಯಮಾಡುತ್ತದೆ. ಗೊತ್ತಿರುವ ಕಷ್ಟದ ಕಡೆಗೆ ಮುಖ ತಿರುಗಿಸುವಾಗ ಅಂಥ ಸಹಾಯವಿಲ್ಲ. ಆದುದರಿಂದಲೇ ಅನೇಕರು ವಿನ್‌ಫೀಲ್ಡಿನಲ್ಲಿ ಒಮ್ಮೆ ಕುರ್ಚಿಯ ಮೇಲೆ ಕುಳಿತವರು ಏಳುವುದಿಲ್ಲ.

ಈ ಓಟದ ಚರಿತ್ರೆಯಲ್ಲಿ ಮರೆಯಬಾರದ ಅಧ್ಯಾಯವೊಂದಿದೆ. ಮೆಕ್ಸಿಕೋ ದೇಶದ ಆಳವಾದ ಕಮರಿಗಳಲ್ಲಿ ರರಾಮುರಿ ಎಂಬ ಜನಾಂಗವಿದೆ. ಹೊರಗಿನವರು ಇವರನ್ನು ತಾರಾಹುಮಾರರೆಂದು ಕರೆಯುತ್ತಾರೆ. ಮರದ ಚೆಂಡನ್ನು ಕಾಲಿನಿಂದ ಒದೆಯುತ್ತ ಹಗಲುರಾತ್ರಿ ಓಡುವ ಆಟ ಅವರದು. 1992ರಲ್ಲಿ ಇವರಲ್ಲಿ ಕೆಲವರನ್ನು ಲೆಡ್‌ವಿಲ್ಲಿಗೆ ಕರೆತಂದರು. ಒಬ್ಬರೂ ಓಟವನ್ನು ಮುಗಿಸಲಿಲ್ಲ. ಕಾಲಿಗೆ ಒಗ್ಗದ ಹೊಸ ಬೂಟು, ಕೈಗೆ ಕೊಟ್ಟ ದೀಪ, ದಾರಿಯ ಬಿಡಾರಗಳಲ್ಲಿ ಏನನ್ನು ಕೇಳಬಹುದು ಕೇಳಬಾರದು ಎಂಬ ಸಂಕೋಚ, ಎಲ್ಲವೂ ಅವರಿಗೆ ಪರಕೀಯ. ಮರುವರ್ಷ ಅವರು ಊರ ಕಸದ ಗುಂಡಿಯಿಂದ ಹಳೆಯ ಮೋಟಾರು ಟೈರುಗಳನ್ನು ಆಯ್ದು, ಕತ್ತರಿಸಿ, ತೊಗಲಿನ ಪಟ್ಟಿಗಳನ್ನು ಕಟ್ಟಿ ತಮ್ಮ ಬಗೆಯ ಚಪ್ಪಲಿಗಳನ್ನು ಮಾಡಿಕೊಂಡರು. ಮೊದಲಿಗನಾಗಿ ಬಂದವನು ವಿಕ್ಟೋರಿಯಾನೊ ಚುರ್ರೊ, ವಯಸ್ಸು 55. ತೆಗೆದುಕೊಂಡ ಕಾಲ 20 ಗಂಟೆ 2 ನಿಮಿಷ. ಐವತ್ತೈದರಲ್ಲಿ ಮನುಷ್ಯನು ವಿಶ್ರಾಂತಿಗೆ ಯೋಗ್ಯನೆಂದು ಸರಕಾರಗಳು ಬಹುಕಾಲ ಎಣಿಸಿಕೊಂಡಿದ್ದವಲ್ಲ! 1994ರಲ್ಲಿ ಆನ್ ಟ್ರೇಸನ್ ಎಂಬ ಮಹಿಳೆಯು ಅರ್ಧದಾರಿಯ ಆಚೆಯವರೆಗೂ ಎಲ್ಲರಿಗಿಂತ ಮುಂದಿದ್ದಳು. ಮರಳುವ ದಾರಿಯಲ್ಲಿ ರರಾಮುರಿಗಳ ಹ್ವಾನ್ ಹೆರೇರಾ ಎಂಬ ತರುಣನು ಅವಳನ್ನು ದಾಟಿ 17 ಗಂಟೆ 30 ನಿಮಿಷದಲ್ಲಿ ಗೆದ್ದನು. ಅವಳು 18 ಗಂಟೆ 6 ನಿಮಿಷಕ್ಕೆ ಎರಡನೆಯವಳಾದಳು. ಮುಂದೆ ಮೂವತ್ತು ವರ್ಷ ಯಾವ ಸ್ತ್ರೀಯೂ ಆ ಕಾಲವನ್ನು ಮೀರಲಿಲ್ಲ. ಬರದಿಂದ ಬಳಲಿದ ತಮ್ಮ ಹಳ್ಳಿಗಳಿಗೆ ಮೆಕ್ಕೆಜೋಳ ಸಿಕ್ಕೀತೆಂಬುದು ರರಾಮುರಿಗಳು ಬಂದದ್ದಕ್ಕೆ ಒಂದು ಕಾರಣ. ಎಂದರೆ ಅವರ ಓಟಕ್ಕೆ, ಕ್ಲೌಬರನ ಓಟಕ್ಕೆ ಇದ್ದಂತೆಯೇ, ಹೊಟ್ಟೆಯ ಕಾರಣವಿತ್ತು. ಕರೆತಂದವರಿಗೂ ನಡೆಸುವವರಿಗೂ ಮನಸ್ತಾಪ ಬಂದು ಆ ತಂಡವು ಮತ್ತೆ ಬರಲಿಲ್ಲ. ಓಡಿದವರ ಪಾಲಿನ ಗೌರವವು ಓಡದವರ ಜಗಳದಲ್ಲಿ ಹೀಗೆ ಹೋಗುವುದು ವಿಷಾದಕರ.

ಗೆದ್ದವರ ಮಾತು ಇಷ್ಟು ಸಾಕು. ಅವರು ಒಂದೇ ಹಗಲಿನಲ್ಲಿ, ಹೆಚ್ಚೆಂದರೆ ನಡುರಾತ್ರಿಯೊಳಗೆ, ಮುಗಿಸಿ ಮಲಗುತ್ತಾರೆ. ಈ ಓಟದ ನಿಜವಾದ ಪಾಡು ಹಿಂದೆ ಉಳಿದವರದು. ಅವರಿಗೆ ಎರಡನೆಯ ಬಾರಿ ಕತ್ತಲಾಗುತ್ತದೆ. ಅನ್ನವನ್ನು ಹೊಟ್ಟೆ ಒಲ್ಲೆನೆನ್ನುತ್ತದೆ, ಉಗುರುಗಳು ಕಳಚುತ್ತವೆ, ನಿದ್ರೆಗೆಟ್ಟ ಕಣ್ಣಿಗೆ ಬಂಡೆಯು ಕರಡಿಯಾಗಿ, ಪೊದೆಯು ಕುಳಿತ ಮುದುಕಿಯಾಗಿ ಕಾಣುತ್ತದೆ. ರಜ್ಜುವಿನಲ್ಲಿ ಸರ್ಪವನ್ನು ಕಾಣುವ ದೃಷ್ಟಾಂತವನ್ನು ವೇದಾಂತದ ತರಗತಿಯಲ್ಲಿ ಇಷ್ಟು ಚೆನ್ನಾಗಿ ಬೋಧಿಸುವುದು ಕಷ್ಟ. ಎಂಬತ್ತು ಮೈಲಿಯ ಸುಮಾರಿಗೆ ವಿದ್ಯುತ್ತಂತಿಗಳ ಕೆಳಗಿನ ಒಂದು ಏರು ಬರುತ್ತದೆ. ನೆತ್ತಿ ಬಂದಿತೆಂದುಕೊಂಡರೆ ಅದರಾಚೆ ಇನ್ನೊಂದು ನೆತ್ತಿ, ಅದರಾಚೆ ಮತ್ತೊಂದು.

ಈ ಎಡೆಯಲ್ಲಿ ಓಟಗಾರನು ಒಂಟಿಯಲ್ಲ. ಎರಡನೆಯ ಅರ್ಧದಲ್ಲಿ ಒಬ್ಬ ಜೊತೆಗಾರನನ್ನು ಕರೆದುಕೊಳ್ಳಲು ಅಪ್ಪಣೆಯುಂಟು. ಅಷ್ಟೇ ಅಲ್ಲ, ಓಟಗಾರನ ನೀರು, ಅಂಗಿ, ತಿಂಡಿಗಳನ್ನು ಆ ಜೊತೆಗಾರನು ಹೊರಬಹುದು. ಬೇರೆ ಎಷ್ಟೋ ಪಂದ್ಯಗಳಲ್ಲಿ ಇದು ನಿಷಿದ್ಧ. ಹಳೆಯ ಗಣಿಗಾರರ ಹೊರೆಪ್ರಾಣಿಗಳ ನೆನಪಿಗಾಗಿ ಲೆಡ್‌ವಿಲ್ಲಿನಲ್ಲಿ ಇದಕ್ಕೆ ಹೇಸರಗತ್ತೆಯ ಕೆಲಸವೆಂದೇ ಹೆಸರು. ಗಂಡನಿಗಾಗಿ ಹೆಂಡತಿ, ತಾಯಿಗಾಗಿ ಮಗ, ಸ್ನೇಹಿತನಿಗಾಗಿ ಸ್ನೇಹಿತ ಹೀಗೆ ರಾತ್ರಿಯೆಲ್ಲ ಹೊರೆ ಹೊತ್ತು ಹಿಂದೆಹಿಂದೆ ಬರುತ್ತಾರೆ. ಅವರಿಗೆ ಪದಕವಿಲ್ಲ. ಪಟ್ಟಿಯಲ್ಲಿ ಹೆಸರೂ ಇಲ್ಲ.

ಗಡುವು ಮೂವತ್ತು ಗಂಟೆ. ಇಪ್ಪತ್ತೈದರೊಳಗೆ ಬಂದವರಿಗೆ ಸೊಂಟದ ಪಟ್ಟಿಗೆ ಹಾಕುವ ದೊಡ್ಡ ಬಿಲ್ಲೆ, ಮೂವತ್ತರೊಳಗೆ ಬಂದವರಿಗೆ ಚಿಕ್ಕದು. ನಡುವಣ ಬಿಡಾರಗಳಿಗೂ ಒಂದೊಂದು ಗಡುವಿದೆ. ತಡವಾಗಿ ಬಂದವನ ಮಣಿಕಟ್ಟಿನ ಪಟ್ಟಿಯನ್ನು ಅಲ್ಲಿಯ ಅಧಿಕಾರಿಯು ಕತ್ತರಿಯಿಂದ ಕತ್ತರಿಸಿಬಿಡುತ್ತಾನೆ. ಹೊರಟವರಲ್ಲಿ ಅರ್ಧಕ್ಕಿಂತ ಕಡಮೆ ಜನ ಮುಗಿಸಿದ ವರ್ಷಗಳು ಅನೇಕ. ವರ್ಷವೆಲ್ಲ ಮುಂಜಾವದಲ್ಲಿ ಎದ್ದು ಓಡಿದುದು, ರಜೆಯನ್ನು ಕೂಡಿಟ್ಟುದು, ಮನೆಯವರ ಬೇಸರವನ್ನು ಸಹಿಸಿದುದು, ಎಲ್ಲವೂ ಒಂದು ಕತ್ತರಿಯ ಸದ್ದಿನಲ್ಲಿ ಮುಗಿಯುತ್ತದೆ. ಅಧಿಕಾರಿಯ ಮೇಲೆ ಕೋಪಿಸಿಕೊಳ್ಳುವವರು ವಿರಳ. ಕೆಲವರು ಅವನಿಗೆ ಕೈ ನೀಡಲು ಸುಲಭವಾಗುವಂತೆ ತೋಳನ್ನು ತಾವೇ ಮಡಿಸಿಕೊಳ್ಳುತ್ತಾರೆ.

ಓಟವು ಊರಿಗೆ ಉಪಕಾರಮಾಡಿದುದು ನಿಜ. ಗಣಿಯು 2012ರಲ್ಲಿ ಮತ್ತೆ ತೆರೆಯಿತು. ಅಷ್ಟರೊಳಗೆ, 2010ರಲ್ಲಿ, ಓಟವನ್ನು ದೊಡ್ಡದೊಂದು ಸಂಸ್ಥೆಯು ಕೊಂಡುಕೊಂಡಿತ್ತು. ಹಳಬರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಹೊಟ್ಟೆಗಾಗಿ ಪ್ರಾರಂಭವಾದದ್ದು ಹಣದ ಕೈಗೆ ಹೋಯಿತೆಂದು ಆಶ್ಚರ್ಯಪಡುವುದಕ್ಕೆ ಹೆಚ್ಚು ಅವಕಾಶವಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಸಮೀಪಿಸುತ್ತಿದ್ದಂತೆ ಊರಿನವರು ಆರನೆಯ ಬೀದಿಯ ಎರಡು ಪಕ್ಕಗಳಲ್ಲಿಯೂ ನಿಲ್ಲುತ್ತಾರೆ. ಕಡೆಯ ಮೈಲಿಯೂ ಏರೇ. ಒಂದು ಕಡೆಗೆ ಬಾಗಿದ ಮೈಯನ್ನು ಎಳೆದುಕೊಂಡು ದಿಣ್ಣೆಯ ಮೇಲೆ ತಲೆದೋರುವವರನ್ನು ಕಂಡೊಡನೆ ಕೂಗು ಏಳುತ್ತದೆ. ಹತ್ತು ಹೊಡೆದ ಮೇಲೆಯೂ ಒಬ್ಬರಿಬ್ಬರು ಬರುವುದುಂಟು. ಅವರಿಗೆ ಬಿಲ್ಲೆಯಿಲ್ಲ, ಅದು ಅವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಬೀದಿಯ ಜನ ಅವರು ಬರುವವರೆಗೂ ಚದರುವುದಿಲ್ಲ. ಹೇಸರಗತ್ತೆಯಾಗಿ ಬಂದ ಜೊತೆಗಾರನು ಬಾಗಿ, ಮೊದಲು ಓಟಗಾರನ ಬೂಟಿನ ದಾರವನ್ನು ಬಿಚ್ಚುತ್ತಾನೆ. ಮರುವರ್ಷದ ಓಟ ಆಗಸ್ಟಿನ ಯಾವ ತಾರೀಖೆಂದು ಕುಳಿತವನು ವಿಚಾರಿಸುತ್ತಾನೆ.