ಸಣ್ಣ ಗಿಟಾರ್, ಕೇಳುವ ಕನ್ನಡ



ನಮ್ಮ ಗಾಯನ ಮಂಡಳಿಯ ಗಿಟಾರ್ ನೋಡಿದವರೆಲ್ಲ ಮೊದಲು ಕೇಳುವುದು, "ಇದು ಮಕ್ಕಳದ್ದಾ?" ಎಂದು. ಅಲ್ಲ, ದೊಡ್ಡವರದ್ದೇ. ಮೈ ಮಾತ್ರ ಸಣ್ಣದು. ಬೆಂಗಳೂರಿನ ಕುಶಲಕರ್ಮಿಯೊಬ್ಬರು ಕೈಯಾರೆ ಮಾಡಿದ್ದು. ಎರಡು ವರ್ಷ ಕ್ಯಾರೋಲ್‌ನಲ್ಲಿ ಸಿಕ್ಕಿದ ಹಣ ಕೂಡಿಟ್ಟು ತೆಗೆದುಕೊಂಡೆವು. ಅದೇ ದುಡ್ಡಿಗೆ ಸ್ಪೀಕರ್ ಸಮೇತ ಹೊಸ ಕೀಬೋರ್ಡ್ ಬರುತ್ತಿತ್ತು ಎಂದವರ ಮಾತೂ ಸುಳ್ಳಲ್ಲ. ಆದರೂ ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ.

ಸಣ್ಣ ಮೈ ಹೊಸ ಫ್ಯಾಷನ್ ಅಲ್ಲ. ಹತ್ತೊಂಬತ್ತನೇ ಶತಮಾನದ ಗಿಟಾರ್‌ಗಳು ಹೆಚ್ಚಾಗಿ ಹೀಗೇ ಇದ್ದವು. 1818ರ ಕ್ರಿಸ್ಮಸ್ ಹಿಂದಿನ ರಾತ್ರಿ ಆಸ್ಟ್ರಿಯದ ಒಬರ್ನ್‌ಡಾರ್ಫ್‌ನಲ್ಲಿ 'ಸೈಲೆಂಟ್ ನೈಟ್' ಮೊದಲ ಬಾರಿ ಹಾಡಿದಾಗ ಜೊತೆಗಿದ್ದದ್ದು ಗಿಟಾರ್. ಅದರ ಸಾಹಿತ್ಯ ಬರೆದ ಫಾದರ್ ಜೋಸೆಫ್ ಮೋರ್ ಅವರ ಗಿಟಾರ್ ಈಗಲೂ ಹಾಲೈನ್‌ನ ಮ್ಯೂಸಿಯಂನಲ್ಲಿದೆ. ದೊಡ್ಡ ಹೊಟ್ಟೆಯ 'ಡ್ರೆಡ್‌ನಾಟ್' ಬಂದದ್ದು 1916ರಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿಯಿಂದ.

ಪೆಟ್ಟಿಗೆ ದೊಡ್ಡದಾದಷ್ಟೂ ಒಳಗೆ ಗಾಳಿ ಹೆಚ್ಚು, ಮಂದ್ರ ಸ್ವರದ ಗುಂಯ್‌ಗುಡುವಿಕೆಯೂ ಹೆಚ್ಚು. ಸಣ್ಣದರಲ್ಲಿ ಅದು ಕಡಿಮೆ. ಪ್ರತಿ ತಂತಿಯೂ ಬೇರೆ ಬೇರೆಯಾಗಿ ಕೇಳುತ್ತದೆ, ಹಾಡುವವರ ಮಾತು ಮುಚ್ಚಿಹೋಗುವುದಿಲ್ಲ.

ನಮಗೆ ಬೇಕಾದದ್ದು ಅದೇ. ನಮ್ಮದು ಕಾಸರಗೋಡು, ಗಡಿನಾಡು. ನಮ್ಮ ಮಕ್ಕಳಲ್ಲಿ ಹಲವರು ಕಲಿಯುವುದು ಮಲಯಾಳಂ ಅಥವಾ ಇಂಗ್ಲಿಷ್ ಮೀಡಿಯಂನಲ್ಲಿ. ಗೀತೆಪುಸ್ತಕ ಕೈಯಲ್ಲಿದ್ದರೂ ಓದಲು ಬಾರದು, ಕಿವಿಯಿಂದಲೇ ಕಲಿಯಬೇಕು. ಕೀಬೋರ್ಡಿನ ತಾಳದ ಅಬ್ಬರದಲ್ಲಿ ಬಾಯಿ ಆಡಿಸುತ್ತಿದ್ದರು, ಅಷ್ಟೆ. ಈಗ ಶನಿವಾರದ ಅಭ್ಯಾಸದಲ್ಲಿ ಗಿಟಾರ್ ಸುತ್ತ ಕೂತು ಒಂದೊಂದೇ ಸಾಲು ಹೇಳಿಕೊಡುತ್ತೇವೆ. ಮೊನ್ನೆ ಐದನೇ ಕ್ಲಾಸಿನ ಹುಡುಗಿ ಹಾಡು ನಿಲ್ಲಿಸಿ ಕೇಳಿದಳು: "ಅಕ್ಕಾ, 'ಅನುದಿನ' ಅಂದ್ರೆ ಎಂತ?" ಅರ್ಥ ಕೇಳಬೇಕಾದರೆ ಮೊದಲು ಪದ ಕಿವಿಗೆ ಬೀಳಬೇಕಲ್ಲವೇ!

ಇದರ ಹಿಂಬದಿ ಮತ್ತು ಬದಿಗಳು ಬೀಟೆ ಮರದ್ದು. ಅಜ್ಜಿಯ ಮನೆಯ ಹಳೇ ಕಪಾಟಿನದ್ದೇ ಜಾತಿ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಈ ಮರಕ್ಕೆ ಪರದೇಶದ ಗಿಟಾರ್ ತಯಾರಕರಲ್ಲೂ ಬೇಡಿಕೆ ಇದೆ. ಆದರೆ ಮರ ಯಾವುದಾದರೂ ತೇವ ಹೀರುತ್ತದೆ. ಗಿಟಾರ್‌ಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ನಮ್ಮ ಆಟಿ ಮಳೆಗೆ ಆ ಲೆಕ್ಕ ಎಲ್ಲಿ? ಮೇಲಿನ ಹಲಗೆ ಉಬ್ಬಿದರೆ ತಂತಿ ಮೇಲೇಳುತ್ತದೆ, ಒತ್ತುವ ಬೆರಳು ನೋಯುತ್ತದೆ. ಹಾಗಾಗಿ ನುಡಿಸಿದ ಮೇಲೆ ತಂತಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ನಮ್ಮ ನಿಯಮ.

ವಾರ್ಷಿಕ ಹಬ್ಬದ ಮೆರವಣಿಗೆಯಲ್ಲಿ ಇದರ ಸ್ವರ ಕೇಳದು, ನಿಜ. ಅಲ್ಲಿಗೆ ಹಳೇ ಕೀಬೋರ್ಡ್ ಇದ್ದೇ ಇದೆ. ನಮ್ಮ ಚಿಂತೆ ಬೇರೆ: ಗಿಟಾರ್ ನುಡಿಸುವ ಮೂವರಲ್ಲಿ ಇಬ್ಬರು ಈ ವರ್ಷ ಕೆಲಸಕ್ಕಾಗಿ ಊರು ಬಿಡುತ್ತಿದ್ದಾರೆ. ಗಿಟಾರ್ ಚರ್ಚಿನದ್ದು, ಯಾರೊಬ್ಬರದ್ದೂ ಅಲ್ಲ. ಅಪ್ಪ ಅಮ್ಮಂದಿರೇ, ಮಕ್ಕಳನ್ನು ಶನಿವಾರ ಸಂಜೆ ಐದೂವರೆಗೆ ಕಳುಹಿಸಿ. ಸಂಗೀತ ಗೊತ್ತಿರಬೇಕೆಂದಿಲ್ಲ. ಎಡಗೈಯ ಉಗುರು ಕತ್ತರಿಸಿಕೊಂಡು ಬಂದರೆ ಸಾಕು.