ಕೆಂಪು ಶಾಯಿಯ ಆಚೆ

ಕನ್ನಡದಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಕನ್ನಡವನ್ನೇ ಕಲಿಸುತ್ತ ಅನ್ನ ಉಣ್ಣುವವನಿಗೆ ಕನ್ನಡದಲ್ಲಿ ಒಂದು ಪುಟ ಬರೆಯಲು ಬರುತ್ತಿರಲಿಲ್ಲವೆಂದರೆ ವಾಚಕರು ನಂಬಲಾರರು. ಆದರೂ ಹಲವು ವರ್ಷ ನನ್ನ ಪಾಡು ಅದೇ ಆಗಿತ್ತು. ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ನನ್ನ ಬಲಗೈಗೆ ಒಂದು ಚಾಳಿ ಹತ್ತಿತ್ತು: ಬರೆದ ಸಾಲಿನ ಶಾಯಿ ಆರುವುದರೊಳಗೆ ಅದನ್ನು ಹೊಡೆದುಹಾಕುವುದು. ನನ್ನೊಳಗೊಬ್ಬ ಪರೀಕ್ಷಕ ಕುಳಿತುಬಿಟ್ಟಿದ್ದ. ಪಂಪ ರನ್ನರನ್ನು ಓದಿಕೊಂಡವನು. ನನ್ನ ಯಾವ ವಾಕ್ಯವನ್ನೂ ಪಾಸು ಮಾಡಲೊಲ್ಲದವನು.

ನಾನು ಬರೆಯಬೇಕೆಂದಿದ್ದುದು ಮಹಾಕಾವ್ಯವನ್ನೇನೂ ಅಲ್ಲ. ತೀರಿಹೋದ ಅಪ್ಪನ ವಿಷಯವಾಗಿ, ಯಾರಿಗೂ ತೋರಿಸದೆ, ನನಗಾಗಿಯೇ ಒಂದು ಪುಟ.

ನಮ್ಮದು ಜಗಳೂರು ಸೀಮೆ. ಮಳೆಯನ್ನೇ ನಂಬಿದ ಹೊಲ. ಸೋದರಮಾವ ನ್ಯಾಮತಿಯಲ್ಲಿದ್ದುದರಿಂದ ನನ್ನನ್ನು ಹತ್ತಿರದ ಹೊನ್ನಾಳಿಯಲ್ಲಿ ಓದಿಗೆ ಹಾಕಿದರು. ಒಣನೆಲದ ಹುಡುಗನಿಗೆ ತುಂಗಭದ್ರೆಯ ದಡವೇ ಒಂದು ವಿಸ್ಮಯ. ಅಪ್ಪ ವಾರಕ್ಕೊಮ್ಮೆ ಪರಿಚಯದ ಬಸ್ಸಿನವರ ಕೈಯಲ್ಲಿ ಬುತ್ತಿ ಕಳುಹಿಸುತ್ತಿದ್ದ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಬರುತ್ತಿದ್ದ ಆ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ನಡುವೆ ಮಡಿಸಿದ ಒಂದು ಚೀಟಿ.

ಒಂದು ವಾರದ ಚೀಟಿಯಲ್ಲಿ ಹೀಗಿತ್ತು: ‘ಇಲ್ಲಿ ಇನ್ನೂ ಮಳೆ ಹಾಗಿಲ್ಲ. ನೀ ಚೆಂದ ಹೋದು.’

ಆಗತಾನೆ ವ್ಯಾಕರಣದ ರುಚಿ ಹತ್ತಿದ್ದ ನಾನು ಕೆಂಪು ಪೆನ್ನು ತೆಗೆದುಕೊಂಡೆ. ‘ಹಾಗಿಲ್ಲ’ವನ್ನು ‘ಆಗಿಲ್ಲ’ವೆಂದೂ, ‘ಹೋದು’ವನ್ನು ‘ಓದು’ವೆಂದೂ ತಿದ್ದಿದೆ. ಕೆಳಗೆ ಹತ್ತಕ್ಕೆ ನಾಲ್ಕು ಅಂಕ ಹಾಕಿ, ಖಾಲಿ ಬಟ್ಟೆಯೊಳಗಿಟ್ಟು ಹಿಂದಕ್ಕೆ ಕಳುಹಿಸಿದೆ. ತಮಾಷೆಯೆಂದೇ ನನ್ನ ಭಾವನೆ. ಮರುವಾರ ಬುತ್ತಿ ಬಂತು, ಚೀಟಿ ಇರಲಿಲ್ಲ. ಆಮೇಲೆ ಅಪ್ಪ ಎಂಟು ವರ್ಷ ಬದುಕಿದ್ದ. ನನಗೆ ಒಂದಕ್ಷರವನ್ನೂ ಬರೆಯಲಿಲ್ಲ. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇದನ್ನು ಬರೆಯಲು ಹೊರಟರೆ ‘ಪಶ್ಚಾತ್ತಾಪದ ಅಗ್ನಿ’ಯೆಂದೋ ‘ಪಿತೃವಾತ್ಸಲ್ಯದ ಸಾಗರ’ವೆಂದೋ ತರಗತಿಯ ಮಾತುಗಳೇ ಮುಂದೆ ಬಂದು ನಿಲ್ಲುತ್ತಿದ್ದವು. ನಾಚಿಕೆಯಾಗಿ ಹೊಡೆದುಹಾಕುತ್ತಿದ್ದೆ.

ಈಗ ನಾನಿರುವುದು ಅಡಕೆ ತೋಟಗಳ ಚನ್ನಗಿರಿಯಲ್ಲಿ. ಒಂದು ಬೆಳಿಗ್ಗೆ ನನ್ನ ಏಳು ವರ್ಷದ ಮಗಳು ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡಳು. ರಾತ್ರಿಯೆಲ್ಲ ಹೊಡೆದುಹಾಕಿದ ಸಾಲುಗಳು ಅದರ ತುಂಬ ಕಪ್ಪಗೆ ಅಲೆಯಲೆಯಾಗಿದ್ದವು. “ಅಪ್ಪಾಜಿ, ಸೂಳೆಕೆರೆ ಬರ್ದೀರಲ್ಲ, ಏರಿನೇ ಇಲ್ಲ!” ಎಂದಳು. ಅವಳ ಸಮಾಧಾನಕ್ಕೆ ಒಂದು ಏರಿ ಎಳೆದೆ. ಆಚೆಗೆ ಗುಡ್ಡ ಬೇಕೆಂದಳು, ಗುಡ್ಡವೂ ಬಂತು. ಬಣ್ಣದ ಪೆಟ್ಟಿಗೆಯನ್ನು ಅವಳೇ ತಂದುಕೊಟ್ಟಳು.

ರವೀಂದ್ರನಾಥ ಠಾಕೂರರ ಕಥೆ ಆಗ ನೆನಪಾಯಿತು. 1924ರ ಸುಮಾರಿಗೆ ‘ಪೂರಬಿ’ಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಹೆಣೆಯುತ್ತ ಹೋದ ಕವಿಗೆ ಅವುಗಳಲ್ಲಿ ಹಕ್ಕಿ, ಮೃಗ, ಮುಖಗಳು ಕಂಡವು. 1930ರಲ್ಲಿ, ಎಪ್ಪತ್ತರ ಸಮೀಪದಲ್ಲಿ, ಅವರ ಚಿತ್ರಗಳ ಪ್ರದರ್ಶನ ಪ್ಯಾರಿಸಿನಲ್ಲಿ ನಡೆಯಿತು. ಅದೇ ಠಾಕೂರ್ ಮನೆತನದ ಅವನೀಂದ್ರನಾಥರ ಶಿಷ್ಯರಾಗಿದ್ದ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು (1886–1965) ಕುಂಚದ ಜೊತೆಗೆ ದಿನಚರಿಯನ್ನೂ ಬರೆದಿಡುತ್ತಿದ್ದವರು. ಕವಿಗೆ ರೇಖೆ ಬೇಕಾಯಿತು, ಚಿತ್ರಕಾರನಿಗೆ ಅಕ್ಷರ ಬೇಕಾಯಿತು. ಅವರ ಸಾಲಿನಲ್ಲಿ ನಿಲ್ಲುವ ಹುಂಬತನ ನನಗಿಲ್ಲ. ದಾರಿ ಇದೆಯೆಂಬ ಧೈರ್ಯವಷ್ಟೇ ನಾನು ಪಡೆದದ್ದು.

ಭಾನುವಾರಗಳಂದು ಮಗಳೊಡನೆ ಸೂಳೆಕೆರೆಯ ಏರಿಗೆ ಹೋಗತೊಡಗಿದೆ. ಒಮ್ಮೆ ಸಂತೆಬೆನ್ನೂರಿಗೆ ಹೋಗಿ, ಹನುಮಪ್ಪನಾಯಕ 16ನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಿಣಿಯ ಮೆಟ್ಟಿಲ ಮೇಲೆ ಕುಳಿತು ನಡುನೀರಿನ ವಸಂತಮಂಟಪವನ್ನು ಬರೆದೆ. ಮಂಟಪ ಎಡಕ್ಕೆ ವಾಲಿತು. ಅದೇಕೋ ಬೇಸರವಾಗಲಿಲ್ಲ. ಚಿತ್ರಕಲೆಯ ಒಂದು ಸೂತ್ರವೂ ನನಗೆ ತಿಳಿಯದು. ಆದ್ದರಿಂದ ನನ್ನೊಳಗಿನ ಪರೀಕ್ಷಕನಿಗೆ ಅಲ್ಲಿ ಕೆಲಸವಿರಲಿಲ್ಲ. ಅಪ್ಪ ಅಕ್ಷರದಲ್ಲಿ ಎಷ್ಟು ಬಡವನೋ ನಾನು ಬಣ್ಣದಲ್ಲಿ ಅಷ್ಟೇ ಬಡವ.

ಹಾಗೆಂದುಕೊಂಡೊಡನೆ ಕುಂಚ ನಿಂತಿತು. ಹಕಾರ ಅಕಾರಗಳ ಭೇದ ತಿಳಿಯದ ಮನುಷ್ಯ, ಹೊಲದ ಕೆಲಸ ಮುಗಿಸಿ, ಓದಿದ ಮಗನಿಗೆ ಬರೆಯಲು ಕೂತನಲ್ಲ, ಅವನಿಗೆಷ್ಟು ಧೈರ್ಯ ಬೇಕಾಗಿತ್ತು! ವಾಲಿದ ಮಂಟಪವನ್ನು ಬರೆದವನಿಗೆ ಅದು ಈಗ ಅರ್ಥವಾಯಿತು. ಅವನು ಮಳೆಯಿಲ್ಲದ ಸಂಕಟವನ್ನು ಹೇಳಿಕೊಂಡಿದ್ದ. ನಾನು ಕಾಗುಣಿತವನ್ನು ಓದಿದ್ದೆ.

ಅಂದು ರಾತ್ರಿ ಜಗಳೂರಿನ ನಮ್ಮ ಹೊಲವನ್ನು ಬರೆದೆ. ಕಂದು ನೆಲ, ಮೋಡವಿಲ್ಲದ ಆಕಾಶ, ಹೊಲದಂಚಿನಲ್ಲಿ ಒಂದು ಸಣ್ಣ ಆಕೃತಿ. ಕೆಳಗೆ ಅಪ್ಪನ ಕಾಗುಣಿತದಲ್ಲಿಯೇ ಬರೆದೆ: ‘ಇಲ್ಲಿ ಇನ್ನೂ ಮಳೆ ಹಾಗಿಲ್ಲ.’ ಆ ಸಾಲನ್ನು ಹೊಡೆದುಹಾಕಲು ಕೈ ಬರಲಿಲ್ಲ. ಅದರ ಕೆಳಗೆ ಎರಡನೆಯ ಸಾಲು ಬಂತು, ಮೂರನೆಯದೂ ಬಂತು. ಬೆಳಕು ಹರಿಯುವ ಹೊತ್ತಿಗೆ ನಾಲ್ಕು ಪುಟ ತುಂಬಿದ್ದವು.

ಕೆಂಪು ಪೆನ್ನನ್ನು ನಾನೇನೂ ಎಸೆದಿಲ್ಲ; ಅದು ವೃತ್ತಿಧರ್ಮ. ಹುಡುಗರು ಈಗಲೂ ‘ಆಗಿಲ್ಲ’ಕ್ಕೆ ‘ಹಾಗಿಲ್ಲ’ವೆಂದು ಬರೆಯುತ್ತಾರೆ, ನಾನು ಈಗಲೂ ತಿದ್ದುತ್ತೇನೆ. ಆದರೆ ತಿದ್ದುವ ಮೊದಲು, ಅವರ ಊರಿನಲ್ಲಿ ಮಳೆಯಾಗಿದೆಯೇ ಎಂದು ಒಮ್ಮೆ ಓದಿಕೊಳ್ಳುತ್ತೇನೆ.