ಗರಿಯಲ್ಲಿದ್ದ ಕಣ್ಣು

ಗಾಳವೆಂದೊಡನೆ ನಿಮ್ಮ ನೆನಪಿಗೆ ಬರುವುದು ಕೊಕ್ಕೆ ಮತ್ತು ಎರೆಹುಳು. ಆ ಕೊಕ್ಕೆಗೆ ಕಣ್ಣುಗಳನ್ನು ಕಟ್ಟುವವರೂ ಇದ್ದಾರೆಂದರೆ ನೀವು ನಗಬಹುದು. ನಾನೂ ಮೊದಲು ನಕ್ಕವನೇ. ಆದರೆ ಅಂತಹ ಒಂದು ಪುಟ್ಟ ಕಣ್ಣು ನನ್ನ ಬಾಲ್ಯದ ತಪ್ಪೊಂದನ್ನು ನನ್ನೆದುರು ತಂದು ನಿಲ್ಲಿಸಿತು. ಆ ಪ್ರಸಂಗವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

2013ರ ಜುಲೈಯಲ್ಲಿ, ರಜೆಯ ಮೇಲೆ ತೆರಳಿದ್ದ ಗುರುಗಳೊಬ್ಬರ ಬದಲಿಗೆ ನಾನು ವೇಲ್ಸ್ ದೇಶದ ಟವಿ ನದೀತೀರದ ಚಿಕ್ಕ ಧರ್ಮಕೇಂದ್ರವೊಂದರಲ್ಲಿ ಆರು ವಾರ ಸೇವೆ ಸಲ್ಲಿಸಿದೆ. ಆ ನದಿ ಸೀ ಟ್ರೌಟ್ ಮೀನಿಗೆ ಹೆಸರಾದುದು. ವೇಲ್ಸಿನ ಜನ ಅದನ್ನು ‘ಸ್ಯೂಯಿನ್’ ಎನ್ನುತ್ತಾರೆ. ಜೀವನವಿಡೀ ನದಿಯಲ್ಲೇ ಕಳೆಯುವ ಕಂದು ಟ್ರೌಟ್ ಮತ್ತು ಈ ಮೀನು ಒಂದೇ ಜಾತಿಯವು. ಕೆಲವು ಮಾತ್ರ ಸಮುದ್ರಕ್ಕಿಳಿದು, ಬೆಳ್ಳಿಯ ಮೈಬಣ್ಣ ಪಡೆದು, ದಷ್ಟಪುಷ್ಟವಾಗಿ ಬೆಳೆದು, ಬೇಸಿಗೆಯಲ್ಲಿ ನದಿಗೆ ಮರಳುತ್ತವೆ. ಹಗಲಿನಲ್ಲಿ ನೆರಳು ಕಂಡರೂ ಬೆದರುವ ಮೀನಿದು. ಆದ್ದರಿಂದ ಇದನ್ನು ಹಿಡಿಯುವವರು ಕತ್ತಲಾಗುವವರೆಗೆ ಕಾಯುತ್ತಾರೆ.

ಧರ್ಮಕೇಂದ್ರದಲ್ಲಿ ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕರೊಬ್ಬರಿದ್ದರು. ಕೊಕ್ಕೆಗೆ ಗರಿ, ಕೂದಲು, ಬೆಳ್ಳಿಯ ತಗಡಿನೆಳೆ ಸುತ್ತಿ ಅವರು ಕೃತಕ ಮೀನುಮರಿಗಳನ್ನು ತಯಾರಿಸುತ್ತಿದ್ದರು. ಹುಳದಂತಿರಲಿ, ಮೀನಿನಂತಿರಲಿ, ಇದಕ್ಕೆ ಅವರು ಹೇಳುವ ಹೆಸರು ‘ಫ್ಲೈ’. ಕೊನೆಯ ಕೆಲಸವೆಂದರೆ ಕಣ್ಣಿಡುವುದು. ಇದಕ್ಕೆ ಹಲವು ವಿಧಾನಗಳುಂಟು. ದಾರದಿಂದ ಸುತ್ತಿದ ತಲೆಯ ಮೇಲೆ ಗುಂಡುಸೂಜಿಯ ತುದಿಯಿಂದ ಹಳದಿ ಚುಕ್ಕೆಯಿಟ್ಟು, ಅದು ಒಣಗಿದ ಮೇಲೆ ನಡುವೆ ಸಣ್ಣ ಕಪ್ಪು ಚುಕ್ಕೆಯಿಟ್ಟು, ವಾರ್ನಿಶ್ ಬಳಿಯಬಹುದು. ಅಂಟಿಸುವ ಸಿದ್ಧಕಣ್ಣುಗಳೂ ದೊರೆಯುತ್ತವೆ. ಮಣಿಸರಪಳಿಯಿಂದ ಎರಡು ಮಣಿಗಳನ್ನು ಕತ್ತರಿಸಿ ಕಟ್ಟಿದರೆ ಅವು ಕಣ್ಣೂ ಆಗುತ್ತವೆ, ಫ್ಲೈ ಮುಳುಗಲು ಭಾರವೂ ಆಗುತ್ತವೆ. ಬೇಟೆಯಾಡುವ ಮೀನು ಮರಿಮೀನಿನ ಕಣ್ಣನ್ನು ಗುರುತಿಸಿ ಎರಗುತ್ತದೆ ಎಂಬುದು ಇದರ ಹಿಂದಿನ ನಂಬಿಕೆ.

“ನದಿಗೆ ಮರಳಿದ ಈ ಮೀನು ಹೆಚ್ಚೇನೂ ತಿನ್ನುವುದಿಲ್ಲ. ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣುವುದೇ?” ಎಂದು ನಾನು ಕೇಳಿದೆ.

“ಅದಕ್ಕೆ ಕಾಣುವುದೋ ಇಲ್ಲವೋ ನನಗೆ ತಿಳಿಯದು, ಫಾದರ್. ಕಣ್ಣಿಲ್ಲದ ಫ್ಲೈ ಕಟ್ಟಿಕೊಂಡರೆ ನನಗೇ ಭರವಸೆ ಬರುವುದಿಲ್ಲ” ಎಂದು ಅವರು ನಕ್ಕರು. ಬಳಿಕ ಮೆಲ್ಲನೆ, “ನಿಮ್ಮ ದೃಷ್ಟಿ ಚೆನ್ನಾಗಿದೆಯಲ್ಲ, ಈ ಕಣ್ಣುಗಳನ್ನು ಕಟ್ಟಿಕೊಡುವಿರಾ?” ಎಂದರು. ಆಗಲೇ ನನಗೆ ವಿಷಯ ತಿಳಿದದ್ದು. ಅವರ ಎರಡೂ ಕಣ್ಣುಗಳಲ್ಲಿ ನಡುವಿನ ದೃಷ್ಟಿ ಅಳಿಸುತ್ತಾ ಬಂದಿತ್ತು. ಅಂಚಿನಲ್ಲಿರುವುದು ಕಾಣುತ್ತಿತ್ತು, ನೇರವಾಗಿ ನೋಡಿದ್ದು ಮಾಯವಾಗುತ್ತಿತ್ತು.

ಅವರು ಒಂದು ತಗಡಿನ ಡಬ್ಬಿ ತೆರೆದು, “ಎಲ್ಲಕ್ಕಿಂತ ಉತ್ತಮ ಕಣ್ಣು ಇದು, ಜಂಗಲ್ ಕಾಕ್” ಎಂದು ಒಂದು ಗರಿಯನ್ನು ನನ್ನ ಅಂಗೈಯಲ್ಲಿಟ್ಟರು. ಕಪ್ಪು ಗರಿ, ತುದಿಯಲ್ಲಿ ಮೇಣದಂತೆ ಹೊಳೆಯುವ ಹಳದಿ ಮಿಶ್ರಿತ ಬಿಳಿ ಚುಕ್ಕೆ. ನನ್ನ ಕೈ ನಡುಗಿತು. ಅದು ನಮ್ಮ ಪಶ್ಚಿಮ ಘಟ್ಟಗಳ ಕಾಡುಕೋಳಿ ಹುಂಜದ ಕತ್ತಿನ ಗರಿಯಾಗಿತ್ತು.

ಘಟ್ಟದ ಕೆಳಗಿನ ಊರಿನಲ್ಲಿ ಹುಟ್ಟಿದವನು ನಾನು. ಹನ್ನೆರಡರ ವಯಸ್ಸಿನಲ್ಲಿ ಕಾಡಿನಂಚಿನಲ್ಲಿ ಉರುಳು ಒಡ್ಡಿ ಒಂದು ಹುಂಜವನ್ನು ಹಿಡಿದಿದ್ದೆ. ಹೋಗಿ ನೋಡಿದಾಗ ಅದಿನ್ನೂ ಸತ್ತಿರಲಿಲ್ಲ. ಕಾಲು ಸಿಕ್ಕಿಕೊಂಡು, ರೆಕ್ಕೆ ಹರಡಿ, ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದ್ದರೂ ಊರಿನಲ್ಲಿ ಯಾರೂ ನನ್ನನ್ನು ಗದರಲಿಲ್ಲ. ರಾತ್ರಿ ಸಾರಾಯಿತು, ಅಷ್ಟೆ. ಮುಂದೆ ಗುರುಮಠದಲ್ಲಿಯೂ, ಊಟದ ಮೇಜುಗಳಲ್ಲಿಯೂ ಅದನ್ನು ಬಾಲ್ಯದ ಸಾಹಸವೆಂದು ಎಷ್ಟು ಬಾರಿ ವರ್ಣಿಸಿದ್ದೇನೋ! ಆದರೆ ಆ ನೋಟದ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ.

ಅಂದು ಆ ಹಿರಿಯರಿಗೆ ಅದನ್ನೂ ಹೇಳಿದೆ. ಅವರು ಬಹಳ ಹೊತ್ತು ಮೌನವಾಗಿದ್ದರು. ಬಳಿಕ, ತಾವು ಕೊಳ್ಳುವ ಗರಿಗಳು ಸಾಕಿದ ಹಕ್ಕಿಗಳವೆಂದೂ, ಡಬ್ಬಿಯ ತಳದಲ್ಲಿರುವ ಹಳೆಯ ಕತ್ತಿನ ಚರ್ಮ ಮಾತ್ರ ತಮ್ಮ ತಂದೆಯವರದೆಂದೂ ತಿಳಿಸಿದರು. 1960ರ ದಶಕದ ಕೊನೆಯಲ್ಲಿ ಭಾರತವು ರಫ್ತು ನಿಲ್ಲಿಸುವ ಮೊದಲು ಅಂತಹವು ರಾಶಿರಾಶಿಯಾಗಿ ಆ ದೇಶಕ್ಕೆ ಹೋಗುತ್ತಿದ್ದವು. “ಇದು ಯಾವ ಕಾಡಿನದೆಂದು ನನ್ನ ತಂದೆ ಕೇಳಲಿಲ್ಲ. ನಾನೂ ಕೇಳಲಿಲ್ಲ” ಎಂದರು.

ಅವರು ಬೆರಳಿನಿಂದ ತಡವಿ ತೋರಿಸಿದಂತೆ ಸಾಕಿದ ಹಕ್ಕಿಯ ಎರಡು ಗರಿಗಳನ್ನು ತಲೆಯ ಎರಡು ಬದಿಗಳಿಗೆ ಕಟ್ಟಿದೆ. ಹೊಳಪಿನ ಮುಖ ಹೊರಗಿರಬೇಕು. ದಾರ ಬಿಗಿಯುವಾಗ ಗರಿ ತಿರುಗಬಾರದು. ನನ್ನ ಮೊದಲ ಮೂರು ಫ್ಲೈಗಳಿಗೂ ಮೆಳ್ಳೆಗಣ್ಣು! ನಾಲ್ಕನೆಯದು ಸರಿಯಾಯಿತು.

ಆ ರಾತ್ರಿ ನನ್ನ ಹೆಗಲು ಹಿಡಿದು ಅವರು ನದಿಗೆ ನಡೆದರು. ದಡ ತಲುಪಿದ ಮೇಲೆ ಅವರಿಗೆ ನನ್ನ ಅಗತ್ಯವಿರಲಿಲ್ಲ. ಕತ್ತಲಲ್ಲಿ ಎಲ್ಲರೂ ಕೈಯ ಅರಿವಿನಿಂದಲೇ ಗಾಳ ಬೀಸಬೇಕಷ್ಟೆ. ನಡುರಾತ್ರಿ ದಾಟಿದ ಮೇಲೆ ಒಂದು ಮೀನು ಸಿಕ್ಕಿತು. ನೀರಿನಲ್ಲೇ ಕೊಕ್ಕೆ ಬಿಡಿಸಿ ಅದನ್ನು ಹೋಗಗೊಟ್ಟರು. ಟಾರ್ಚಿನ ಬೆಳಕಿನಲ್ಲಿ ಫ್ಲೈಯನ್ನು ನೋಡಿದೆ. ನಾನು ಕಟ್ಟಿದ ಕಣ್ಣುಗಳಲ್ಲಿ ಒಂದು ಕಿತ್ತುಹೋಗಿತ್ತು. ಮೀನು ಕಚ್ಚುವ ಮೊದಲೋ ಆಮೇಲೋ, ಯಾರು ಬಲ್ಲರು?

ಮುಂದಿನ ಜನವರಿಯಲ್ಲಿ ಊರಿಗೆ ಹೋಗಿದ್ದಾಗ ಮುಂಜಾನೆ ಕಾಡಿನಂಚಿನಿಂದ ಹುಂಜದ ಕೂಗು ಕೇಳಿಸಿತು. “ದೊಡ್ಡಪ್ಪಾ, ಉರುಳಿನ ಕಥೆ ಹೇಳಿ” ಎಂದು ತಮ್ಮನ ಮಕ್ಕಳು ಪೀಡಿಸಿದರು. ಹೇಳಿದೆ. ಹಕ್ಕಿ ನನ್ನನ್ನು ನೋಡಿದ್ದನ್ನು ಈ ಸಲ ಬಿಡಲಿಲ್ಲ. ಮಕ್ಕಳು ನಗಲಿಲ್ಲ. ಕಿರಿಯವನು ಮಾತ್ರ, “ಆಗ ನೀವು ಅದನ್ನು ಬಿಡಬಹುದಿತ್ತಲ್ಲ?” ಎಂದು ಕೇಳಿದ.

ಹೌದು, ಬಿಡಬಹುದಿತ್ತು ಎಂದೆ.